ಖಾಲಿ ಕುರ್ಚಿಗೆ ಗಂಟೆಗೆ ಎರಡು ಸಾವಿರ

ಐವತ್ತಮೂರು ವರ್ಷ ಯಾವುದಕ್ಕೂ ಅವಸರ ಮಾಡದೆ ಬದುಕಿದ ಮನುಷ್ಯ ಒಂದೇ ಒಂದು ಸಲ ಫೋನನ್ನು ಬೇಗ ಇಟ್ಟುಬಿಟ್ಟ. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಅವನನ್ನು ಎಲ್ಲರೂ ‘ತಡೀರಿ’ ಎಂದೇ ಕರೆಯುತ್ತಿದ್ದರು. ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸ. ಅಲ್ಪವಿರಾಮ ಇರಬೇಕೋ ಬೇಡವೋ ಎಂದು ದಿನವಿಡೀ ಯೋಚಿಸಿ ಯೋಚಿಸಿ, ಯಾರು ಏನು ಕೇಳಿದರೂ ಮೊದಲು “ತಡೀರಿ, ತಡೀರಿ” ಎನ್ನುವುದು ಅವನಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ಊಟಕ್ಕೆ ಕೂತವನನ್ನು ಹೆಂಡತಿ “ಇನ್ನೊಂದು ಸ್ವಲ್ಪ ಹಾಕಲಾ?” ಎಂದರೂ ಅದೇ ಉತ್ತರ. ಅವನು ತೀರ್ಮಾನಕ್ಕೆ ಬರುವಷ್ಟರಲ್ಲಿ ಪಾತ್ರೆ ತೊಳೆದಾಗಿರುತ್ತಿತ್ತು.

ಇಂಥವನಿಗೆ ಇದ್ದದ್ದು ಒಂದೇ ಆಸೆ. ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ನಡೆಯುವ ಇಸ್ಪೀಟು ಕ್ಲಬ್ಬಿನಲ್ಲಿ ಒಂದು ಕುರ್ಚಿ. ದುಡ್ಡು ಕಟ್ಟಿ ಆಡುವ ಕ್ಲಬ್ಬಲ್ಲ ಅದು. ದರ್ಜಿಯ ಡಬ್ಬಿಯಲ್ಲಿ ಮಿಕ್ಕ ಅಂಗಿ ಗುಂಡಿಗಳೇ ಅಲ್ಲಿ ಪಣ. ಕೋಣೆಯಲ್ಲಿ ಹಿಡಿಸುವುದು ಒಂದು ಮೇಜು, ಐದು ಕುರ್ಚಿ. ಆಟವೂ ಐದು ಜನರದು. ತಡೀರಿ ಎಂಟು ವರ್ಷದಿಂದ ಸದಸ್ಯ, ಚಂದಾ ಒಂದು ತಿಂಗಳೂ ತಪ್ಪಿಸಿದವನಲ್ಲ. ಆದರೆ ನಿಂತ ಸದಸ್ಯ. ಕಿಟಕಿಯ ಕಡೆಯ ಕುರ್ಚಿಯ ಹಿಂದೆ, ಬಾಯಿಗೆ ಬೀಗ ಹಾಕಿಕೊಂಡು, ಎಂಟು ವರ್ಷದಿಂದ ನಿಂತೇ ಇದ್ದ.

ಹೋದ ತಿಂಗಳು ಆ ಕುರ್ಚಿಯ ಬುಕ್ ಬೈಂಡರು ಮಗಳ ಮನೆಗೆಂದು ಊರು ಬಿಟ್ಟರು. ಕುರ್ಚಿ ಖಾಲಿಯಾಯಿತು. ನ್ಯಾಯವಾಗಿ ಅದು ತಡೀರಿಯದೇ, ಏಕೆಂದರೆ ಸರದಿಯಲ್ಲಿ ಅವನ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಉಳಿದ ನಾಲ್ವರು ಏನು ಮಾಡಿದರು ಗೊತ್ತೇ? ಖಾಲಿ ಕುರ್ಚಿಗೂ ಹತ್ತು ಎಲೆ ಹಾಕಿ, ಅದರ ಸರದಿ ಬಂದಾಗ ಮೇಲಿನ ಎಲೆಯನ್ನು ಎತ್ತಿ ಒಗೆಯುತ್ತ ಆಟ ಮುಂದುವರಿಸಿದರು. ಎರಡು ವಾರ ಖಾಲಿ ಕುರ್ಚಿಯೇ ಗೆದ್ದಿತು. ಆದರೂ ಯಾರಿಗೂ ಬೇಸರವಿಲ್ಲ. ಅದು ‘ತಡೀರಿ’ ಎನ್ನುವುದಿಲ್ಲವಲ್ಲ.

ಮೂರನೆಯ ವಾರ ತಡೀರಿ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿಯೇಬಿಟ್ಟ. ಅಧ್ಯಕ್ಷರು, ಅಂದರೆ ನಿವೃತ್ತ ಹೆಡ್ಮಾಸ್ತರರು, ಇಲ್ಲ ಎನ್ನುವ ಜಾಯಮಾನದವರಲ್ಲ. ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿಯೂ “ನಿನ್ನ ಒಳ್ಳೇದಕ್ಕೇ” ಎನ್ನುತ್ತಿದ್ದವರು.

“ಕುರ್ಚಿ ನಿಂದೇ ಕಣಯ್ಯ. ಆದರೆ ಕ್ಲಬ್ಬಿಗೆ ಒಂದು ಸೇವೆ ಮಾಡಿ ಕೂತ್ಕೋ, ಗೌರವ ಇರುತ್ತೆ. ಊರು ಬಿಟ್ಟುಹೋದ ಹಳಬರು ಏಳು ಜನ ಇದ್ದಾರೆ, ನಮ್ಮ ಆಟ ಇಲ್ಲದೆ ಕೊರಗ್ತಿದ್ದಾರೆ. ಅವರೆಲ್ಲ ಫೋನಲ್ಲೇ ಒಟ್ಟಿಗೆ ಆಡೋ ಹಾಗೆ ಏನೋ ಮಾಡಿಸಬಹುದಂತಲ್ಲ?”

“ಮಲ್ಟಿಪ್ಲೇಯರ್ ಗೇಮ್ ಸರ್ವರ್ ಅಂತಾರೆ,” ಎಂದರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ದವಡೆ ಊದಿಸಿಕೊಂಡು ಕಾಯುವವರೆಲ್ಲ ಫೋನಿನಲ್ಲಿ ಅಂಥದ್ದೇ ಆಡುತ್ತಿದ್ದರು. “ಡೆವಲಪರ್ ಬೇಕಾಗುತ್ತೆ ಅದಕ್ಕೆ.”

“ಹಾಗಾದ್ರೆ ಬರೋ ಶನಿವಾರ ಒಬ್ಬ ಡೆವಲಪರ್‌ನ ಕರ್ಕೊಂಡು ಬಾ. ಕೆಲಸ ಕುದುರಿದ ಗಳಿಗೆ ಕುರ್ಚಿ ನಿಂದು.”

ತಡೀರಿ ನಾಲ್ಕು ದಿನ ಹುಡುಕಿ, ಜಾಹೀರಾತೊಂದರ ನಂಬರಿಗೆ ಫೋನು ಮಾಡಿದ. ಆ ಕಡೆಯಿಂದ ಹೆಂಗಸಿನ ದನಿ. ನಲ್ಲಿ ರಿಪೇರಿಯವನನ್ನು ಕೇಳುವ ಹಾಗೆ “ಎಷ್ಟಾಗುತ್ತೆ?” ಎಂದು ಕೇಳಿದ. “ಎರಡು ಸಾವಿರ ಸರ್,” ಎಂದಿತು ದನಿ. ಹತ್ತು ಸಾವಿರವಾದರೂ ಹೇಳುತ್ತಾರೆಂದು ಎದೆ ಗಟ್ಟಿಮಾಡಿಕೊಂಡಿದ್ದವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನೊಂದು ಮಾತಾಡಿದರೆ ರೇಟು ಏರಿಸಿಯಾಳೆಂದು “ಆಯ್ತು, ಶನಿವಾರ ಬನ್ನಿ” ಎಂದವನೇ ಫೋನಿಟ್ಟ. ಆಮೇಲೆ ಆಕೆ ಉದ್ದದ್ದೊಂದು ಮೆಸೇಜು ಕಳಿಸಿದಳು. ದಿನವಿಡೀ ಬೇರೆಯವರ ಬರಹ ಓದಿ ಸಾಕಾದವನು, ಅದನ್ನು ಓದದೆ ‘ಸರಿ’ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿ ಮಲಗಿದ.

ಹೆಡ್ಮಾಸ್ತರರು ಕ್ಲಬ್ಬಿನ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು: ‘ಕೆಲಸವು ಎರಡು ಸಾವಿರದಲ್ಲಿ ಮುಗಿಯತಕ್ಕದ್ದು. ಮೀರಿದಲ್ಲಿ ಕರೆತಂದವರೇ ಹೊಣೆ.’ ಕೆಳಗೆ ತಡೀರಿ ಸಂತೋಷದಿಂದ ಸಹಿ ಹಾಕಿದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ನಲವತ್ತರ ಆಸುಪಾಸಿನ ಹೆಂಗಸು, ಬೆನ್ನಿಗೊಂದು ಚೀಲ, ಕಣ್ಣಿನ ಕೆಳಗೆ ವರ್ಷಗಟ್ಟಲೆ ನಿದ್ದೆಗೆಟ್ಟವರ ಕಪ್ಪು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಗೆ ಹೆಂಗಸರು ಕಾಲಿಟ್ಟಿರಲಿಲ್ಲ. ಹೆಡ್ಮಾಸ್ತರರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ದರ್ಜಿ ಮೇಜಿನ ಮೇಲೆ ಚಾಚಿದ್ದ ಕಾಲನ್ನು ಕೆಳಗಿಳಿಸಿದ. ತಡೀರಿಯ ಹೆಂಡತಿಯ ಅಣ್ಣ, ನಿವೃತ್ತ ಬಸ್ ಕಂಡಕ್ಟರು, ತಡೀರಿಗೆ ಭಾವ, ಕ್ಲಬ್ಬಿಗೂ ಭಾವ, ಅಭ್ಯಾಸಬಲದಿಂದ “ಒಳಗೆ ಬನ್ನಿ, ಒಳಗೆ ಬನ್ನಿ, ಜಾಗ ಇದೆ” ಎಂದರು.

ಇದ್ದದ್ದು ಒಂದೇ ಜಾಗ. ಆಕೆ ಖಾಲಿ ಕುರ್ಚಿಯಲ್ಲಿ ಕೂತಳು. ಅದರ ಹಿಂದೆ ನಿಂತಿದ್ದ ತಡೀರಿಗೆ ತನ್ನ ತಟ್ಟೆಗೆ ಬೇರೆಯವರು ಕೈ ಹಾಕಿದಂತಾಯಿತು. ಇವತ್ತೊಂದು ದಿನ ತಾನೇ ಎಂದು ಸಮಾಧಾನ ಮಾಡಿಕೊಂಡ.

ಆಕೆ ಲ್ಯಾಪ್‌ಟಾಪ್ ತೆರೆದು, ಫೋನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಏನನ್ನೋ ಒತ್ತಿದಳು. ದೊಡ್ಡ ದೊಡ್ಡ ಅಂಕಿಗಳು ಓಡತೊಡಗಿದವು.

“ಇದೇನಮ್ಮ ಇದು?” ತಡೀರಿ ಬಗ್ಗಿ ಅವಳ ಕಿವಿಯ ಹತ್ತಿರ ಕೇಳಿದ. ಆಕೆಯೂ ಅಷ್ಟೇ ಮೆಲ್ಲಗೆ ಹೇಳಿದಳು:

“ಟೈಮರ್ ಸರ್. ಗಂಟೆಗೆ ಎರಡು ಸಾವಿರ ಅಲ್ವಾ? ಮೊದಲ ಮಾತುಕತೆಯಿಂದಾನೇ ಲೆಕ್ಕ. ನೀವು ಫೋನ್ ಇಟ್ಟುಬಿಟ್ರಲ್ಲ, ಆಮೇಲೆ ವಿವರವಾಗಿ ಬರೆದು ಕಳಿಸಿದ್ದೆ. ನೀವು ಒಪ್ಪಿಗೆ ಕೊಟ್ರಿ.”

ತಡೀರಿ ಮನಸ್ಸಿನಲ್ಲೇ ಭಾಗಿಸಿ ನೋಡಿದ: ನಿಮಿಷಕ್ಕೆ ಮೂವತ್ತಮೂರು, ಮೇಲೆ ಚಿಲ್ಲರೆ. ಲೆಕ್ಕ ಮಾಡಿ ಮುಗಿಸುವಷ್ಟರಲ್ಲಿ ಮೂವತ್ತಮೂರು ಹೋಗಿತ್ತು. ಹೇಳಿಬಿಡಲೇ ಎಂದು ಬಾಯಿ ತೆರೆದ. ಹೇಳಿದರೆ ಆಕೆಯನ್ನು ಈಗಲೇ ಸಾಗಹಾಕುತ್ತಾರೆ. ಆಕೆ ಹೋದರೆ ಕುರ್ಚಿಯೂ ಹೋಯಿತು. ಒಂದು ಗಂಟೆಯೊಳಗೆ ಮುಗಿದುಬಿಟ್ಟರೆ ಯಾರಿಗೂ ಗೊತ್ತಾಗದು ಎಂದು ಬಾಯಿ ಮುಚ್ಚಿದ.

“ಬೇಗ ಬೇಗ ಹೇಳಿಬಿಡಿ ಎಲ್ಲಾರೂ,” ಎಂದ.

ನಾಲ್ವರೂ ತಿರುಗಿ ನೋಡಿದರು. ಆ ಬಾಯಿಂದ ಆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

“ಹುಷಾರಾಗಿದ್ದೀಯೇನಯ್ಯ?” ಎಂದರು ಹೆಡ್ಮಾಸ್ತರರು. ಆಮೇಲೆ ಗಂಟಲು ಸರಿಮಾಡಿಕೊಂಡು ಆಟದ ನಿಯಮಗಳನ್ನು ವಿವರಿಸಲು ಶುರುಮಾಡಿದರು.

ಆ ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷದ ಜಗಳ, ರಾಜಿ, ಮುನಿಸುಗಳೆಲ್ಲ ಗಟ್ಟಿಯಾಗಿ ನಿಯಮವಾಗಿದ್ದವು. ಇಡೀ ಕಟ್ಟಿನಲ್ಲಿ ಐವತ್ತೊಂದೇ ಎಲೆ. ಕಳಾವರ್ ನಾಲ್ಕು ಎಂದೋ ಕಿಟಕಿಯಿಂದ ಹಾರಿಹೋಗಿತ್ತು. ಐವರಿಗೆ ಹತ್ತತ್ತು ಹಂಚಿದ ಮೇಲೆ ಉಳಿಯುವ ಒಂದು ಎಲೆಗೆ ‘ಅನಾಥ’ ಎಂದು ಹೆಸರಿಟ್ಟು ಅದರ ಸುತ್ತಲೇ ಅರ್ಧ ಆಟ ಕಟ್ಟಿದ್ದರು.

“ಹೊಸ ಕಟ್ಟು ತರಬಹುದಿತ್ತಲ್ವಾ ಸರ್?” ಎಂದಳು ಡೆವಲಪರ್.

“ತಂದ್ರೆ ಐವತ್ತೆರಡಾಗುತ್ತಲ್ಲಮ್ಮ!” ಎಂದರು ಹೆಡ್ಮಾಸ್ತರರು, ದಡ್ಡ ವಿದ್ಯಾರ್ಥಿಯನ್ನು ಕ್ಷಮಿಸುವ ದನಿಯಲ್ಲಿ.

ಹಲ್ಲಿನ ಡಾಕ್ಟರು ಹಂಚಿದ ಆಟದಲ್ಲಿ ಮಾತ್ರ ಆಟಿನ್ ರಾಣಿಗೆ ಬೆಲೆಯಿಲ್ಲ. ಹದಿನಾಲ್ಕು ವರ್ಷದ ಹಿಂದೆ ಸತತ ಐದು ಸಲ ಅವರು ಹಂಚಿದಾಗ ರಾಣಿ ಅವರಿಗೇ ಬಂದು, ಮಾತು ಬೆಳೆದು, ಕೊನೆಗೆ ಆದ ರಾಜಿ ಅದು. ಭಾವ ಎರಡು ಸಲ ಕೆಮ್ಮಿದರೆ ‘ಈ ಸಲ ನಾನು ಬಿಟ್ಟೆ’ ಎಂದರ್ಥ.

“ನಿಜವಾಗಿ ಕೆಮ್ಮು ಬಂದ್ರೆ?”

“ಮುಖ ನೋಡಿದ್ರೆ ಗೊತ್ತಾಗುತ್ತೆ,” ಎಂದರು ಹೆಡ್ಮಾಸ್ತರರು. ಡೆವಲಪರ್ ಅದನ್ನೂ ಟೈಪು ಮಾಡಿಕೊಂಡಳು.

ದರ್ಜಿ ಮುಂದೆ ಬಾಗಿದ. “ಮೇಡಂ, ಮುಖ್ಯವಾದ್ದೊಂದಿದೆ. ಆಟಕ್ಕೆ ಒಂದು ಸಲ ಕಳ್ಳಾಟಕ್ಕೆ ಅವಕಾಶ ಇರ್ಬೇಕು. ನೀಟಾಗಿ ಮಾಡಿದ್ರೆ ಅದು ಮಾಡಿದವನದು. ಸಿಕ್ಕಿಬಿದ್ರೆ ಎಲ್ಲರಿಗೂ ಟೀ.”

“ಸರ್ವರಲ್ಲಿ ಕಳ್ಳಾಟ ಆಗಲ್ಲ ಸರ್. ಯಾರ ಕೈಯಲ್ಲಿ ಯಾವ ಎಲೆ ಇದೆ ಅಂತ ಸರ್ವರ್‌ಗೆ ಎಲ್ಲಾ ಗೊತ್ತಿರುತ್ತೆ.”

ನಾಲ್ವರೂ ಲ್ಯಾಪ್‌ಟಾಪಿನ ಕಡೆ ಅನುಮಾನದಿಂದ ನೋಡಿದರು. ಕೆಳಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

“ಎಲ್ಲರ ಎಲೇನೂ ಗೊತ್ತಿರುತ್ತಾ?” ಎಂದರು ಭಾವ ಮೆಲ್ಲಗೆ. “ಅವನು ಡಾಕ್ಟರಿಗೆ ಹೇಳಿಬಿಟ್ರೆ?”

“ನನಗ್ಯಾಕ್ರೀ ಹೇಳ್ತಾನೆ?” ಡಾಕ್ಟರಿಗೆ ಪಿತ್ತ ನೆತ್ತಿಗೇರಿತು.

“ಸರ್, ಅದು ಮನುಷ್ಯ ಅಲ್ಲ, ಒಂದು ಮಷೀನು...”

“ಮಷೀನನ್ನ ಇಟ್ಕೊಂಡಿರೋನು ಮನುಷ್ಯ ತಾನೇ?” ಎಂದ ದರ್ಜಿ. ಸರ್ವರನ್ನು ನಂಬಬಹುದೇ ಇಲ್ಲವೇ ಎಂಬ ಚರ್ಚೆ ಒಂದೂಕಾಲು ಗಂಟೆ ನಡೆಯಿತು. ತಡೀರಿಗೆ ಅದು ಎರಡೂವರೆ ಸಾವಿರದ ಚರ್ಚೆ. ಗೋಡೆಗೆ ಹಣೆ ಒತ್ತಿಕೊಂಡು ನಿಂತ.

ಹನ್ನೆರಡು ಗಂಟೆಗೆ ಡೆವಲಪರ್ ಲ್ಯಾಪ್‌ಟಾಪ್ ಮುಚ್ಚಿದಳು. ತಡೀರಿಗೆ ಹೋದ ಜೀವ ಬಂದಂತಾಯಿತು. ಆದರೆ ಆಕೆ ಹೇಳಿದ್ದೇ ಬೇರೆ:

“ಬಾಯಲ್ಲಿ ಹೇಳಿದ್ರೆ ಇದು ಅರ್ಥ ಆಗೋದಲ್ಲ. ನನಗೂ ಒಂದು ಕೈ ಹಾಕಿ. ಆಡಿ ನೋಡ್ತೀನಿ.”

“ಓಹೋ, ಅದಕ್ಕೇನಂತೆ!” ಎಂದು ನಾಲ್ವರೂ ಒಟ್ಟಿಗೆ ಅಂದರು. ಹೆಡ್ಮಾಸ್ತರರೇ ಎಲೆ ಕಲೆಸಿದರು.

“ತಡೀರಿ!” ಎಂದ ತಡೀರಿ.

“ನೋಡಿದ್ರಾ ಮೇಡಂ, ಇದೇ ಇವರ ಕಾಯಿಲೆ,” ಎಂದ ದರ್ಜಿ.

ಮೊದಲ ಆಟ ಆಕೆ ಸೋತಳು. ಎರಡನೆಯದೂ ಸೋತಳು. ಮೂರನೆಯದರಲ್ಲಿ ಭಾವ ಎರಡು ಸಲ ಕೆಮ್ಮಿದಾಗ ಅವರ ಮುಖವನ್ನೊಮ್ಮೆ ನೋಡಿ “ಇದು ನಿಜವಾದ ಕೆಮ್ಮು ಸರ್, ನೀರು ಕುಡೀರಿ, ಆಮೇಲೆ ಎಲೆ ಹಾಕಿ” ಎಂದಳು. ಭಾವ ನೀರು ಕುಡಿದು, ಎಲೆ ಹಾಕಿ, ಸೋತರು. ಹೆಡ್ಮಾಸ್ತರರ ಮುಖ ಅರಳಿತು. ಇಷ್ಟು ವರ್ಷ ಪಾಠ ಹೇಳಿದವರಿಗೆ ಕೊನೆಗೂ ಕಲಿಯುವವರೊಬ್ಬರು ಸಿಕ್ಕಿದ್ದರು.

ಗಂಟೆ ಒಂದಾಯಿತು. ಎರಡೂವರೆಯಾಯಿತು. ಊಟಕ್ಕಾದರೂ ಏಳುತ್ತಾರೆಂದು ಕಾದರೆ ಡಾಕ್ಟರು ಎಲ್ಲರಿಗೂ ಬ್ರೆಡ್ಡು ತರಿಸಿದರು. ತಡೀರಿ ಮೆಟ್ಟಿಲಿಗೆ ಹೋಗಿ ಹೆಂಡತಿಗೆ ಫೋನು ಮಾಡಿದ.

“ಕುರ್ಚಿ ಸಿಕ್ತಾ?” ಎಂದಳು ಅವಳು ಮೊದಲಿಗೇ. ಎಂಟು ವರ್ಷದಿಂದ ಪ್ರತಿ ಶನಿವಾರ ಸಂಜೆ ಸೊಂಟ ಹಿಡಿದುಕೊಂಡು ಬರುವ ಗಂಡನಿಗೆ ಎಣ್ಣೆ ತಿಕ್ಕಿ ಅವಳ ಕೈಯೂ ಸೋತಿತ್ತು.

“ಸಿಗೋದರಲ್ಲಿದೆ. ಒಂದು ಕೆಲಸ ಮಾಡು, ನಿಮ್ಮಣ್ಣನಿಗೆ ಫೋನ್ ಮಾಡಿ ಮನೇಲಿ ಏನೋ ತುರ್ತು ಅಂತ ಹೇಳು. ಒಬ್ಬ ಎದ್ರೆ ಆಟ ನಿಲ್ಲುತ್ತೆ.”

ಎರಡು ನಿಮಿಷದಲ್ಲಿ ಒಳಗೆ ಭಾವನ ಫೋನು ಮೊಳಗಿತು. “ಏನು? ನಲ್ಲಿ ಒಡೆದು ಮನೆಯೆಲ್ಲಾ ನೀರಾ? ನಿನ್ನ ಗಂಡನ್ನ ಕಳಿಸ್ತೀನಿ ತಡಿ, ಅವನು ಇಲ್ಲಿ ಸುಮ್ನೆ ನಿಂತಿದ್ದಾನೆ.” ಫೋನು ಇಟ್ಟು ಕೂಗಿದರು: “ಏಯ್, ನಿಮ್ಮನೇಲಿ ನಲ್ಲಿ ಒಡೆದಿದೆಯಂತೆ, ಓಡು!”

ಒಡೆಯದ ನಲ್ಲಿಯನ್ನು ನೋಡಲು ತಡೀರಿ ಬಿಸಿಲಲ್ಲಿ ಮನೆಯವರೆಗೆ ಹೋಗಿ ಬರಬೇಕಾಯಿತು. ಹೋಗಿ ಬರುವ ನಲವತ್ತು ನಿಮಿಷವೂ ಟೈಮರ್ ಓಡುತ್ತಲೇ ಇತ್ತು.

ತಿರುಗಿ ಬಂದಾಗ ಡೆವಲಪರಿನ ಮುಂದೆ ಗುಂಡಿಗಳ ಗುಡ್ಡೆ. ಡಾಕ್ಟರು ಹೊಸ ಸಾಲ ಎತ್ತಲು ದರ್ಜಿಯ ಡಬ್ಬಿಗೆ ಕೈ ಹಾಕುತ್ತಿದ್ದರು. ಗಂಟೆ ಮೂರೂಕಾಲು. ತಡೀರಿಗೆ ತಲೆ ಕೆಟ್ಟುಹೋಯಿತು. ಮೆಟ್ಟಿಲ ತಿರುವಿನಲ್ಲಿದ್ದ ಮೀಟರು ಪೆಟ್ಟಿಗೆಯ ಬಾಗಿಲು ತೆಗೆದು, ಆಚೀಚೆ ನೋಡಿ, ಮೇನ್ ಸ್ವಿಚ್ಚು ಕೆಳಗೆಳೆದ. ಜೀವನದಲ್ಲಿ ಅವನು ಮಾಡಿದ ಮೊದಲ ಪಾತಕ ಅದು.

ದೀಪ ಹೋಯಿತು. ಫ್ಯಾನು ನಿಂತಿತು. ಕೆಳಗೆ ಹೊಲಿಗೆ ಯಂತ್ರವೂ ನಿಂತು ದರ್ಜಿಯ ಹೆಂಡತಿ ಬೈಯುವ ಸದ್ದು ಬಂತು. ತಡೀರಿ ಒಳಗೆ ಬಂದು ಆದಷ್ಟು ದುಃಖದ ಮುಖ ಮಾಡಿಕೊಂಡು, “ಕರೆಂಟು ಹೋಯ್ತು. ಇವತ್ತಿಗೆ ಸಾಕು ಅನ್ಸುತ್ತೆ” ಎಂದ.

“ಯಾರು ಹೇಳಿದ್ದು? ಮೇಜು ಹಿಡೀರಿ,” ಎಂದರು ಹೆಡ್ಮಾಸ್ತರರು.

ಮೇಜು, ಐದು ಕುರ್ಚಿ ಸಮೇತ ಎಲ್ಲರೂ ಹೊರಗಿನ ವರಾಂಡಕ್ಕೆ ಸಾಗಿದರು. ಮೇಜಿನ ಭಾರದ ಕಡೆ ಹಿಡಿದವನು ತಡೀರಿ. ವರಾಂಡದ ನೆಲ ಓರೆಯಾಗಿದ್ದರಿಂದ ಟೈಮರಿನ ಫೋನು ನಿಲ್ಲದೆ ಜಾರಿತು.

“ಸರ್, ಬೀಳುತ್ತೆ, ಸ್ವಲ್ಪ ಹಿಡ್ಕೊಂಡಿರ್ತೀರಾ?” ಎಂದು ಡೆವಲಪರ್ ಅದನ್ನು ತಡೀರಿಯ ಕೈಗೇ ಕೊಟ್ಟಳು.

ಮುಂದಿನ ಒಂದು ಗಂಟೆ ತನ್ನ ಸಾವಿನ ಗಡಿಯಾರವನ್ನು ತಾನೇ ಹಿಡಿದುಕೊಂಡು ನಿಂತ. ನಿಲ್ಲಿಸುವ ಗುರುತು ಕೆಂಪಗೆ, ಹೆಬ್ಬೆರಳಿಗೆ ಎಟುಕುವಷ್ಟು ಹತ್ತಿರ ಇತ್ತು. ಒತ್ತಲೇ, ಬೇಡವೇ ಎಂದು ಯೋಚಿಸಿದ. ಒತ್ತಿದರೆ ಮೋಸ. ಒತ್ತದಿದ್ದರೆ ಎರಡು ಸಾವಿರ. ಮೋಸವೇ ಸರಿ ಎಂದು ಅವನು ತೀರ್ಮಾನಕ್ಕೆ ಬಂದ ಹೊತ್ತಿಗೆ ಆಕೆ ಕೈಚಾಚಿ ಫೋನು ವಾಪಸು ತೆಗೆದುಕೊಂಡಳು.

“ಈಗ ಪೂರ್ತಿ ಅರ್ಥ ಆಯ್ತು ಸರ್. ಅಂದಾಜು ಹೇಳ್ತೀನಿ,” ಎಂದಳು.

ಎಲ್ಲರೂ ಸರಿಯಾಗಿ ಕೂತರು. ತಡೀರಿ ಕುರ್ಚಿಯ ಬೆನ್ನು ಹಿಡಿದುಕೊಂಡ. ಇನ್ನೇನು, ಎರಡು ನಿಮಿಷ. ಇವರು ಹ್ಞೂಂ ಅಂದರೆ ಕೆಲಸ ಕುದುರಿದಂತೆ, ಕುರ್ಚಿ ತನ್ನದು. ಟೈಮರಿನ ದುಡ್ಡನ್ನು ಹೇಗೋ ಕಂತಿನಲ್ಲಿ ತೀರಿಸಿದರಾಯಿತು.

ಆಕೆ ಅರ್ಧ ಗಂಟೆ ಟೈಪು ಮಾಡಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. “ಎಲ್ಲಾ ಸೇರಿ ಐನೂರೈವತ್ತು ಗಂಟೆ ಕೆಲಸ. ಹನ್ನೊಂದು ಲಕ್ಷ.”

ದರ್ಜಿಯ ಕೈಯಿಂದ ಎಲೆಗಳು ಒಂದೊಂದಾಗಿ ಉದುರಿದವು.

“ಎರಡು ಸಾವಿರ ಅಂತಲ್ವಾ ಇದ್ದದ್ದು?” ಹೆಡ್ಮಾಸ್ತರರು ತಡೀರಿಯನ್ನು ನೋಡಿದರು.

“ಅದು ಗಂಟೆಗೆ ಸರ್,” ಎಂದಳು ಡೆವಲಪರ್. “ಆಮೇಲೆ ಸರ್ವರ್ ನಡೆಸೋಕೆ ತಿಂಗಳಿಗೆ ಆರು ಸಾವಿರ.”

“ಯಾರೂ ಆಡದೇ ಇದ್ರೂ?”

“ಆಡದೇ ಇದ್ರೂ.”

“ಗಾಡಿ ಡಿಪೋದಲ್ಲಿ ನಿಂತಿದ್ರೂ ಡೀಸೆಲ್ ಕುಡಿಯುತ್ತೆ ಅನ್ನಿ,” ಎಂದರು ಭಾವ.

ಹೆಡ್ಮಾಸ್ತರರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಓದತೊಡಗಿದರು. ಆಮೇಲೆ ಶುರುವಾಯಿತು ನೋಡಿ. ಇಪ್ಪತ್ತಾರು ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡದ್ದಕ್ಕೆ ಎಷ್ಟಾಯಿತು ಎನ್ನುವುದು ಮೊದಲ ಸಲ ಅಂಕಿಯಲ್ಲಿ ಕಣ್ಣಮುಂದೆ ಬಂತು.

“ಕೆಮ್ಮಿಗೆ ನಲವತ್ತು ಗಂಟೆ! ಎಂಬತ್ತು ಸಾವಿರದ ಕೆಮ್ಮಾ ನಿಂದು?” ಎಂದ ದರ್ಜಿ.

“ನಿನ್ನ ಕಳ್ಳಾಟಕ್ಕೆ ಅರವತ್ತು ಗಂಟೆ ಹಾಕಿದ್ದಾರೆ, ನೋಡ್ಕೋ,” ಎಂದರು ಭಾವ. “ಒಂದು ಲಕ್ಷದ ಇಪ್ಪತ್ತು ಸಾವಿರ ಕೊಟ್ಟು ನಿನ್ನ ಕೈಲಿ ಮೋಸ ಹೋಗ್ಬೇಕಾ ನಾವು? ಇಷ್ಟು ವರ್ಷ ಪುಕ್ಕಟೆ ಹೋಗ್ತಾ ಇರ್ಲಿಲ್ವಾ?”

“ಡಾಕ್ಟರ ರಾಣಿಗೆ ಅರವತ್ತು ಸಾವಿರ!”

“ಆ ನಿಯಮ ನಾನು ಮಾಡಿದ್ದಾ? ನನ್ನ ಮೇಲೆ ಹೇರಿದ್ದು! ತೆಗೆದುಹಾಕಿ, ಉಳಿಯುತ್ತೆ ದುಡ್ಡು!”

“ಇಟ್ಟ ಎಲೆ ವಾಪಸ್ ತಗೊಳ್ಳೋದಕ್ಕೆ ತೊಂಬತ್ತು ಸಾವಿರ ಅಂತಿದೆ. ಇದು ಯಾರ್ದು?” ಎಂದ ದರ್ಜಿ.

“ಅದೊಂದು ಇರಲಿ,” ಎಂದರು ಹೆಡ್ಮಾಸ್ತರರು. ಎಲೆ ಹಿಂದಕ್ಕೆ ತೆಗೆದುಕೊಳ್ಳುವವರು ಅವರೊಬ್ಬರೇ.

ಇಪ್ಪತ್ತು ನಿಮಿಷದ ಕೂಗಾಟದ ಮೇಲೆ ಎಲ್ಲರೂ ಒಮ್ಮತಕ್ಕೆ ಬಂದರು. ಸರ್ವರು ಬೇಡ. ಊರು ಬಿಟ್ಟುಹೋದವರು ಹೋದರು, ಕೊರಗಿಕೊಂಡಿರಲಿ.

ತಡೀರಿ ಕುರ್ಚಿಯ ಬೆನ್ನನ್ನು ಇನ್ನೂ ಬಿಗಿಯಾಗಿ ಹಿಡಿದ. “ಹಾಗಾದ್ರೆ ನನ್ನ ಕುರ್ಚಿ...”

“ಕುರ್ಚಿ ಇರಲಿ, ಇವತ್ತಿನದು ಎಷ್ಟಾಯ್ತಮ್ಮ?” ಎಂದರು ಹೆಡ್ಮಾಸ್ತರರು.

ಆಕೆ ಟೈಮರ್ ನಿಲ್ಲಿಸಿದಳು. “ಏಳು ಗಂಟೆ. ಹದಿನಾಲ್ಕು ಸಾವಿರ.”

ಹೆಡ್ಮಾಸ್ತರರು ನಡಾವಳಿ ಪುಸ್ತಕ ತೆರೆದು, ಬೆರಳಿಟ್ಟು, ಸಹಿ ತೋರಿಸಿದರು. ಡಾಕ್ಟರು ಆಕಾಶ ನೋಡಿದರು. ಭಾವ ಎರಡು ಸಲ ಕೆಮ್ಮಿದರು. ತಡೀರಿ ಜೇಬು ಮುಟ್ಟಿ ನೋಡಿಕೊಂಡ. ಹೆಂಡತಿಗೆ ಏನು ಹೇಳುವುದು? ಇಸ್ಪೀಟು ಆಡಿ ಹದಿನಾಲ್ಕು ಸಾವಿರ ಕಳೆದವರುಂಟು. ಬೇರೆಯವರು ಆಡುವುದನ್ನು ನಿಂತು ನೋಡಿ ಕಳೆದುಕೊಂಡವನು ಇಡೀ ಪ್ರಪಂಚಕ್ಕೆ ತಾನೊಬ್ಬನೇ ಇರಬೇಕು.

ಆಗ ಡೆವಲಪರ್ ಅವನ ಮುಖ ನೋಡಿದಳು. ಅವಳದ್ದೇನೂ ಕಲ್ಲು ಮನಸ್ಸಲ್ಲ.

“ಸರ್, ಒಂದು ಮಾತು ಹೇಳ್ಲಾ? ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನಾನು ಮಾಡಿದ ಸರ್ವರುಗಳಲ್ಲಿ ದಿನಕ್ಕೆ ಲಕ್ಷಾಂತರ ಜನ ಆಡ್ತಾರೆ. ನಾನು ಮಾತ್ರ ಮನೇಲಿ ಒಬ್ಬಳೇ ಕೂತು, ಯಾರ ಕನೆಕ್ಷನ್ ಯಾಕೆ ಹೋಯ್ತು ಅಂತ ನೋಡ್ತಿರ್ತೀನಿ. ಐದು ಜನ ಒಂದು ಮೇಜಿನ ಸುತ್ತ ಕೂತು ಜಗಳ ಆಡೋದು ಇಷ್ಟು ಚೆನ್ನಾಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.” ಅವಳ ದನಿ ನಿಜವಾಗಿಯೂ ಒದ್ದೆಯಾಗಿತ್ತು. “ಇವತ್ತಿನ ದುಡ್ಡು ಬೇಡ. ಪೂರ್ತಿ ಬಿಟ್ಟುಬಿಡ್ತೀನಿ.”

ತಡೀರಿ ಕೈ ಮುಗಿದುಬಿಟ್ಟ.

“ಅದರ ಬದಲು ಈ ಕುರ್ಚಿ ನನಗೆ ಕೊಡಿ. ಪ್ರತಿ ಶನಿವಾರ ಬರ್ತೀನಿ.”

ಮುಗಿದ ಕೈ ಮುಗಿದಂತೆಯೇ ಉಳಿಯಿತು.

ಆ ಕ್ಲಬ್ಬಿನಲ್ಲಿ ಟೀ ಲೋಟ ಬದಲಿಸಲು ಮೂರು ಸಭೆ ಬೇಕಾಗುತ್ತಿತ್ತು. ಹೆಂಗಸರಿಗೆ ಪ್ರವೇಶವಿಲ್ಲ ಎನ್ನುವ ನಿಯಮ ಯಾರೂ ಬರೆಯದೆಯೇ ಇಪ್ಪತ್ತಾರು ವರ್ಷ ಬಂಡೆಯಂತೆ ನಿಂತಿತ್ತು. ಈಗ ಸಭೆಯೂ ಇಲ್ಲದೆ ಆ ನಿಯಮ ಅರ್ಧ ನಿಮಿಷದಲ್ಲಿ ಮುರಿದುಬಿತ್ತು.

“ನಂದೇನೂ ಅಭ್ಯಂತರ ಇಲ್ಲ,” ಎಂದರು ಡಾಕ್ಟರು.

“ನಂದೂ ಇಲ್ಲ. ಗುಂಡಿ ಎಲ್ಲಾ ಅವರ ಹತ್ರಾನೇ ಇವೆ, ಬರಲಿಲ್ಲ ಅಂದ್ರೆ ಆಡೋದು ಹೇಗೆ?” ಎಂದ ದರ್ಜಿ.

“ನಮ್ಮವನಿಗೆ ಹದಿನಾಲ್ಕು ಸಾವಿರ ಉಳಿಯಿತಲ್ಲ, ಅದೇ ದೊಡ್ಡದು,” ಎಂದರು ಭಾವ, ತಂಗಿಯ ಸಂಸಾರ ಉಳಿಸಿದ ತೃಪ್ತಿಯಲ್ಲಿ.

“ತಡೀರಿ, ತಡೀರಿ... ಸರದಿಯಲ್ಲಿ ನಾನು...”

“ನಿನ್ನ ಸೇವೆ ಮರೆಯೋ ಮಾತೇ ಇಲ್ಲ ಕಣಯ್ಯ,” ಎಂದು ಹೆಡ್ಮಾಸ್ತರರು ಆಗಲೇ ಬರೆಯುತ್ತಿದ್ದರು. “ಕ್ಲಬ್ಬಿಗೆ ಒಂದು ರತ್ನ ತಂದುಕೊಟ್ಟೆ. ಮುಂದಿನ ಕುರ್ಚಿ ಖಾಲಿಯಾದ್ರೆ ನಿಂದೇ.” ಹಾಗೆಂದು ಕೂತಿದ್ದ ನಾಲ್ವರ ಮುಖಗಳನ್ನೂ ಒಂದು ಸುತ್ತು ನೋಡಿದರು. ಎಲ್ಲರೂ ಆರೋಗ್ಯವಾಗಿ ಕಾಣುತ್ತಿದ್ದರು.

ಕರೆಂಟು ಇನ್ನೂ ಬರಲಿಲ್ಲವೇಕೆ ಎಂದು ಡಾಕ್ಟರು ಹೋಗಿ ನೋಡಿ, ಸ್ವಿಚ್ಚು ಮೇಲೆತ್ತಿ ಬಂದರು. ಮೇಜು, ಕುರ್ಚಿ ಮತ್ತೆ ಒಳಗೆ ಹೋದವು. ಭಾರದ ಕಡೆ ಮತ್ತೆ ತಡೀರಿಯದೇ. ಹೊಸ ಸದಸ್ಯೆಯ ಗೌರವಕ್ಕೆ ಒಂದು ಆಟ ಎಂದು ಎಲೆ ಹಂಚಿದರು. ತಡೀರಿ ಎಂಟು ವರ್ಷದ ಅಭ್ಯಾಸದಂತೆ ಕಿಟಕಿಯ ಕಡೆಯ ಕುರ್ಚಿಯ ಹಿಂದೆ ಹೋಗಿ ನಿಂತ. ನಿಲ್ಲಲು ಅಲ್ಲಿ ಬಿಟ್ಟರೆ ಬೇರೆ ಸಂದಿಯೂ ಇರಲಿಲ್ಲ. ಉಳಿದ ಕುರ್ಚಿಗಳೆಲ್ಲ ಗೋಡೆಗೆ ಒತ್ತಿಕೊಂಡಿದ್ದವು.

ಡೆವಲಪರ್ ಎಲೆಗಳನ್ನು ಎದೆಗೊತ್ತಿಕೊಂಡು ತಿರುಗಿದಳು.

“ಸರ್, ತಪ್ಪು ತಿಳ್ಕೋಬೇಡಿ. ಆಫೀಸುಗಳಲ್ಲಿ ಹಿಂದೆ ನಿಂತು ನೋಡೋವ್ರನ್ನ ಸಹಿಸಿ ಸಹಿಸಿ ಸಾಕಾಗಿದೆ. ಹಿಂದೆ ಯಾರಾದ್ರೂ ಇದ್ರೆ ನನಗೆ ಆಡೋಕಾಗಲ್ಲ. ಸ್ವಲ್ಪ ಆ ಕಡೆ...”

“ಬಾಗಿಲ ಹತ್ರ ನಿಂತ್ಕೋ ಹೋಗು, ಗಾಳಿ ಚೆನ್ನಾಗಿ ಬರುತ್ತೆ,” ಎಂದರು ಹೆಡ್ಮಾಸ್ತರರು ಎಲೆಯಿಂದ ಕಣ್ಣೆತ್ತದೆ.

ತಡೀರಿ ಹೊಸ್ತಿಲಿಗೆ ಹೋದ. ಅಲ್ಲಿಂದ ಕಾಣುತ್ತಿದ್ದದ್ದು ದರ್ಜಿಯ ಬೋಳುತಲೆ, ಭಾವನ ಒಂದು ಕಿವಿ. ಗಾಳಿ ಮಾತ್ರ ನಿಜವಾಗಿಯೂ ಚೆನ್ನಾಗಿ ಬರುತ್ತಿತ್ತು. ಮೇಜಿನ ಮೇಲಿನ ಎಲೆಯೊಂದು ಹಾರಿ ಬಿತ್ತು.

“ಅಯ್ಯೋ, ಐವತ್ತು ಆಗಿಬಿಟ್ರೆ ಕಷ್ಟ!” ಡಾಕ್ಟರು ಎಲೆಯನ್ನು ಹೆಕ್ಕಿಕೊಳ್ಳುತ್ತ ಕೂಗಿದರು. “ಸ್ವಲ್ಪ ಬಾಗಿಲು ಹಾಕ್ರೀ!”

ತಡೀರಿ ಈ ಸಲ ಯೋಚಿಸಲಿಲ್ಲ. ಬಾಗಿಲನ್ನು ತಟ್ಟನೆ ಎಳೆದು ಹಾಕಿದ. ಹಾಕಿದ ಮೇಲೆ ನೋಡಿಕೊಂಡರೆ, ತಾನು ಹೊರಗಿದ್ದ.